ಬಾಯಿಪಾಠ

ಈಗಷ್ಟೇ ಒರೆಸಿದ ಫಿನಾಯಿಲ್ ವಾಸನೆ, ಒದ್ದೆ ನೆಲದ ಮೇಲೆ ಮಗಳ ಪುಟ್ಟ ಚಪ್ಪಲಿಯ ಗುರುತು ಆ ಬಾಗಿಲವರೆಗೂ ಹೋಗಿದೆ, ಆಮೇಲಿಲ್ಲ — ಒಳಗೆ ಅವಳೊಬ್ಬಳೇ ಬರಲಿ, ಅಪ್ಪ ಅಮ್ಮ ಇಲ್ಲೇ ಕೂತಿರಿ ಅಂದಳು ನರ್ಸ್, ಬಾಗಿಲು ಪೂರ್ತಿ ಮುಚ್ಚಲೂ ಇಲ್ಲ, ದೇವರೇ, ಅದನ್ನಾದರೂ ಮುಚ್ಚಬಾರದಿತ್ತೇ, ಸಂದಿಯಲ್ಲಿ ಅವಳ ಅರ್ಧ ಮುಖ, ಡಾಕ್ಟರಮ್ಮನ ಕೈ, ಆ ಕೈ ಎಲ್ಲದಕ್ಕೂ ಅಪ್ಪಣೆ ಕೇಳುತ್ತದೆ, ಮಂಡಿ ನೋಡ್ಲಾ ಕಂದಾ, ಈಗ ಕಿವಿ ನೋಡ್ಲಾ, ಬೇಡ ಅಂದ್ರೆ ಬೇಡ — ಬೇಡ ಅಂದರೆ ಬೇಡ ಅಂತ ನಮ್ಮ ಮನೆಯಲ್ಲಿ ಅವಳಿಗೆ ಯಾರು ಹೇಳಿದ್ದರು. ಕಿವಿಯ ಹಿಂದಿನದು ಕಾಣದಿರಲಿ ಅಂತ ಕೂದಲು ಇಳಿಬಿಟ್ಟು ಶಾಲೆಗೆ ಕಳಿಸಿದ್ದೆ, ಬೆವರುತ್ತಾಳೆ ಪಾಪ ಅಂತ ಟೀಚರ್ ಜಡೆ ಹಾಕಲು ಹೋದರಂತೆ, ಹಾಕಲಿಲ್ಲವಂತೆ, ಬಾಚಣಿಗೆ ಕೆಳಗಿಟ್ಟು ಫೋನ್ ಎತ್ತಿಕೊಂಡರಂತೆ.

ಪಕ್ಕದಲ್ಲಿ ಇವರು, ಅವಳಪ್ಪ, ನರ್ಸಿನ ಹತ್ತಿರ ನಗುತ್ತಾ, ನಮ್ಮವಳು ಮಗು ಅಲ್ಲ ಸಿಸ್ಟರ್, ಕೋತಿಮರಿ, ನಿಂತಲ್ಲಿ ನಿಲ್ಲಲ್ಲ, ನರ್ಸ್ ನಗಲಿಲ್ಲ, ಇವರ ಬೆರಳು ನನ್ನ ಮಣಿಕಟ್ಟಿನ ಮೇಲೆ, ನೋಡಿದವರಿಗೆ ಪ್ರೀತಿ. ಮೆಟ್ಟಿಲಿಂದ ಬಿದ್ದಳು ಅನ್ನೋದು ಇವರು ಕಟ್ಟಿದ ಮಾತು, ಕಲಿಸಿದ್ದು ಮಾತ್ರ ನಾನು, ಮಡಿಲಲ್ಲಿ ಕೂರಿಸಿಕೊಂಡು, ನನ್ನಪ್ಪ ನನಗೆ ಪದ್ಯ ಹೇಳಿಕೊಟ್ಟ ಹಾಗೇ, ಸಾಲಿಗೆ ಸಾಲು, ಉಸಿರು ತೆಗೆಯುವ ಜಾಗವನ್ನೂ ತೋರಿಸಿ, ಮರೆತರೆ ನನ್ನ ಮುಖ ನೋಡು ಚಿನ್ನಾ, ಎತ್ತಿಕೊಡ್ತೀನಿ — ಈಗ ಒಪ್ಪಿಸುತ್ತಿದ್ದಾಳೆ, ಆಡ್ತಾ ಇದ್ದೆ, ಕಾಲು ಜಾರ್ತು, ಮೆಟ್ಟಿಲಿಂದ ಬಿದ್ದೆ, ಅಪ್ಪ ಎತ್ಕೊಂಡ್ರು, ಒಂದಕ್ಷರ ತಪ್ಪಿಲ್ಲ, ನಾನು ಉಸಿರೆಳೆದಲ್ಲೇ ಉಸಿರೆಳೆದಳು, ನನ್ನದೇ ರಾಗ. ಜಾಣೆ, ಆ ಮೆಟ್ಟಿಲು ಎಲ್ಲಿದೆ ಕಂದಾ, ಡಾಕ್ಟರಮ್ಮ ಮೆತ್ತಗೆ ಕೇಳುತ್ತಾರೆ — ಬೀದಿಯಿಂದ ಕಾಲಿಟ್ಟರೆ ನಡುಮನೆ, ನಡುಮನೆ ದಾಟಿದರೆ ಅಡುಗೆಮನೆ, ಮುಗಿಯಿತು ನಮ್ಮ ಬಾಡಿಗೆ ಮನೆ, ಇವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ, ಅದನ್ನು ನಾನು ಕಲಿಸಿಲ್ಲ, ಅವಳು ಸಂದಿಯತ್ತ ತಿರುಗಿದಳು, ಬಾಯಿ ಅರ್ಧ ತೆರೆದು, ನನ್ನ ತುಟಿಯನ್ನೇ ನೋಡುತ್ತಾ, ಮುಂದಿನ ಸಾಲಿಗೆ ಕಾಯುತ್ತಾ, ಮಣಿಕಟ್ಟಿನ ಮೇಲೆ ಬೆರಳು ಬಿಗಿಯಾಗುತ್ತಿದೆ, ಯಾವಾಗ ಎದ್ದೆನೋ, ಯಾವಾಗ ಬಾಗಿಲು ತಳ್ಳಿದೆನೋ, ನಮ್ಮನೇಲಿ ಮೆಟ್ಟಿಲೇ ಇಲ್ಲ ಡಾಕ್ಟ್ರೇ, ಇವರೇ ಹೊಡೆದದ್ದು, ಧ್ವನಿ ನನ್ನದೇ, ಯಾರೋ ಇವರನ್ನು ತಡೆದು ನಿಲ್ಲಿಸಿದರು, ಯಾರೋ ನನ್ನನ್ನು ಕೂರಿಸಿದರು, ಅವಳು ಮಾತ್ರ ಹಾಗೇ, ಬಾಯಿ ಅರ್ಧ ತೆರೆದು, ನನ್ನ ತುಟಿಯನ್ನೇ ನೋಡುತ್ತಾ, ಇದೂ ಪಾಠವೆಂದುಕೊಂಡು, ಸದ್ದಿಲ್ಲದೆ, ಮೆಟ್ಟಿಲೇ ಇಲ್ಲ, ಮೆಟ್ಟಿಲೇ ಇಲ್ಲ —