ಕುಂಬಾರ ಹುಳದ ಗೂಡು

ಗೋಡೆ ಕೆರೆಯುವ ಸದ್ದಿಗೆ ಗಿರಿಜಾಗೆ ಮಧ್ಯಾಹ್ನದ ನಿದ್ದೆಯಿಂದ ಎಚ್ಚರವಾಯಿತು. ಎದ್ದವಳೇ ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರು ಬಿಗಿಹಿಡಿದು ಕಾದಳು. ನಿನ್ನೆ ಬೆಳಿಗ್ಗೆಯಿಂದ ಮಗು ಅಲುಗಾಡಿರಲಿಲ್ಲ. ಈಗಲೂ ಇಲ್ಲ. ಅಷ್ಟರಲ್ಲಿ ಆ ಸದ್ದು ಹಿತ್ತಿಲ ಬಾಗಿಲ ಕಡೆಯದು ಎಂದು ಹೊಳೆದು ಗಾಬರಿಯಿಂದ ಓಡಿದಳು. ಆ ಬಾಗಿಲ ಸಜ್ಜಾದ ಅಡಿಯಲ್ಲೇ ಕುಂಬಾರ ಹುಳದ ಗೂಡಿತ್ತು.

ಆ ಗೂಡಿನ ಕತೆ ಹೇಳದೆ ಹೋದರೆ ಅವಳ ಹೆದರಿಕೆ ಹುಚ್ಚಾಟದಂತೆ ಕಂಡೀತು. ಗಂಡ ರಮಾಕಾಂತನನ್ನು ಅವನ ಬ್ಯಾಂಕು ತಿಪಟೂರಿನಿಂದ ಎತ್ತಿ ವಿಜಯವಾಡಕ್ಕೆ ಹಾಕಿತ್ತು. ಅಲ್ಲಿನ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಗಿರಿಜಾ ಎರಡು ಸಲ ಬಸಿರಾದಳು, ಎರಡು ಸಲವೂ ಐದು ತುಂಬುವ ಮೊದಲೇ ಕಳೆದುಕೊಂಡಳು. ಮನೆಯವರು ಆ ಊರಿನ ಬಿಸಿಲನ್ನು ಬೈದರು, ನೀರನ್ನು ಬೈದರು, ಮಹಡಿಯ ಮೆಟ್ಟಿಲನ್ನೂ ಬೈದರು. ಬೈಯುವುದಕ್ಕೆ ಏನಾದರೊಂದು ಬೇಕಲ್ಲ! ಅಲ್ಲಿಂದ ವಿಶಾಖಪಟ್ಟಣಕ್ಕೆ ವರ್ಗವಾದಾಗ ಸೀತಮ್ಮಧಾರದಲ್ಲಿ ಕೆಳಗಿನ ಮನೆ ಸಿಕ್ಕಿತು, ಹಿಂದೆ ಸಣ್ಣದೊಂದು ಹಿತ್ತಿಲೂ ಸಿಕ್ಕಿತು. ಮನೆಯೊಡತಿ ಸೂರ್ಯಕಾಂತಮ್ಮ ಮೇಲಿನ ಮನೆಯಲ್ಲಿದ್ದರು.

ಗಿರಿಜಾ ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಮನಸ್ಸನ್ನು ಎಲ್ಲಾದರೂ ಕಟ್ಟಿಹಾಕಲೇಬೇಕಿತ್ತು, ಹಿತ್ತಿಲಿಗೆ ಕಟ್ಟಿದಳು. ಬರೀ ಗಿಡ ನೆಟ್ಟರೆ ತೋಟವಾಗದು, ಹುಳ ಹುಪ್ಪಟೆ ಬಂದು ಸಂಸಾರ ಹೂಡಬೇಕು ಎನ್ನುವುದು ಅವಳ ವಾದ. ಸಬ್ಬಸಿಗೆ, ಕೊತ್ತಂಬರಿಯನ್ನು ಕೊಯ್ಯದೆ ಹೂವಿಗೆ ಬಿಟ್ಟಳು. ಜೇನಿಗೆಂದು ಕಾಮಕಸ್ತೂರಿ ಹಾಕಿದಳು, ಅಗಲ ತಟ್ಟೆಯಲ್ಲಿ ಬೆಣಚುಕಲ್ಲು ಹರವಿ ನೀರಿಟ್ಟಳು. ಚಿಟ್ಟೆಯ ಮರಿಗಳು ಕರಿಬೇವನ್ನು ಬೋಳಿಸಿದಾಗ, “ಒಗ್ಗರಣೆಗೆ ಇವುಗಳನ್ನೇ ಹಾಕೋಣ್ವಾ?” ಎಂದು ರಮಾಕಾಂತ ಛೇಡಿಸಿದ. ಬದನೆ ಗಿಡದ ಹಸಿರು ಹುಳಗಳನ್ನು ಹೊತ್ತುಕೊಂಡು ಹೋಗಲಿ ಎಂದು ಕಣಜವನ್ನೂ, ಅದೇ ಕುಂಬಾರ ಹುಳವನ್ನೂ, ಕರೆದಳು. ಕಣಜಕ್ಕೆ ಬೇಕಾದದ್ದು ಗೂಡು ಕಟ್ಟಲು ಹಸಿಮಣ್ಣು. ಒಡೆದ ಬಾಂಡ್ಲಿಯಲ್ಲಿ ಬೂದು ಜೇಡಿಮಣ್ಣು ತುಂಬಿ ದಿನವೂ ನೀರು ಚಿಮುಕಿಸತೊಡಗಿದಳು.

ತೋಟಕ್ಕೆಂದೇ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಆಗ ಮುಟ್ಟು ನಿಂತು ಎರಡು ತಿಂಗಳಾಗಿತ್ತು, ಗಂಡನಿಗಲ್ಲದೆ ಯಾರಿಗೂ ಹೇಳಲು ಧೈರ್ಯವಿರಲಿಲ್ಲ. ಮನೆಯಲ್ಲಿ ಕುಂಬಾರ ಹುಳ ಗೂಡು ಕಟ್ಟಿದರೆ ಆ ಮನೆಯ ಹೆಣ್ಣು ಬಸಿರು, ಹೆರಿಗೆಯಾಗುವ ತನಕ ಗೂಡನ್ನು ಒಡೆಯಬಾರದು ಎಂಬ ಮಾತು ಚಿಕ್ಕಂದಿನಿಂದ ಕಿವಿಗೆ ಬಿದ್ದದ್ದು. ಓದಿದ್ದು ಒಂದು ಕಡೆ, ಕಿವಿಗೆ ಬಿದ್ದದ್ದು ಇನ್ನೊಂದು ಕಡೆ. ಯಾವುದೂ ಜಾಗ ಬಿಟ್ಟುಕೊಡುವುದಿಲ್ಲ.

ದಸರೆಗೆ ಬಂದ ಅತ್ತೆ ರಾಜಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು ಕತ್ತೆತ್ತಿ ನೋಡಿದರು.

“ಕುಂಬಾರ ಹುಳ ಗೂಡು ಕಟ್ಬಿಟ್ಟಿದೆ ಕಣೇ! ಏನೇ ಗಿರಿಜಾ, ನಿಜ ಹೇಳು.”

ಗಿರಿಜಾ ಅತ್ತುಬಿಟ್ಟಳು. ರಾಜಮ್ಮ ಊರಿಗೆ ಹಿಂತಿರುಗುವ ಮಾತೇ ಎತ್ತಲಿಲ್ಲ. ಭಾರ ಎತ್ತಬೇಡ, ಸ್ಟೂಲು ಹತ್ತಬೇಡ, ಗೂಡನ್ನು ಮೇಲಿಂದ ಮೇಲೆ ನೋಡಬೇಡ, ದೃಷ್ಟಿಯಾಗುತ್ತೆ ಎಂದರು. ಗಿರಿಜಾ ಎಲ್ಲಕ್ಕೂ ಹೂಂ ಎಂದಳು. ಐದು ತುಂಬಿ ಆರಕ್ಕೆ ಬಿತ್ತು. ಮಗು ಮಿಸುಕಾಡತೊಡಗಿತು. ಹೆದರಿಕೆ ಕಡಿಮೆಯಾಗುವ ಬದಲು ದುಪ್ಪಟ್ಟಾಯಿತು, ಕಳೆದುಕೊಳ್ಳುವುದಕ್ಕೆ ಈಗ ಒಂದು ಜೀವ ಒದೆಯುತ್ತಿತ್ತಲ್ಲ.

ಅವಳು ತಪ್ಪಿದ್ದು ಒಂದೇ ಲೆಕ್ಕದಲ್ಲಿ. ಮನೆಗೆ ಸುಣ್ಣಬಣ್ಣ ಎಂದರೆ ಅವರ ಕಡೆ ಯುಗಾದಿಗೆ. ಅಷ್ಟರೊಳಗೆ ಸೂರ್ಯಕಾಂತಮ್ಮನಿಗೆ ಒಂದು ಮಾತು ಹೇಳಿ ಆ ಜಾಗ ಬಿಡಿಸಿದರಾಯಿತು ಎಂದುಕೊಂಡಿದ್ದಳು. ಈ ಸೀಮೆಯಲ್ಲಿ ಸಂಕ್ರಾಂತಿಯೇ ದೊಡ್ಡ ಹಬ್ಬ, ಅದಕ್ಕೆ ಮುಂಚೆಯೇ ಮನೆ ಬೆಳ್ಳಗಾಗಬೇಕು ಎಂಬುದು ಮಹಡಿ ಮನೆಯಲ್ಲಿ ಕಾಲ ಕಳೆದು ಬಂದವಳಿಗೆ ಗೊತ್ತಿರಲಿಲ್ಲ.

ಆ ಮಧ್ಯಾಹ್ನ ಓಡಿ ಬಂದು ನೋಡಿದರೆ ಏಣಿಯ ಮೇಲೆ ಬಣ್ಣದವನು ತಗಡಿನಿಂದ ಗೋಡೆ ಕೆರೆಯುತ್ತಿದ್ದ. ಸಜ್ಜಾದ ಅಡಿ ಬರಿದಾಗಿತ್ತು. ಮೇಲಿನಿಂದ ಸೂರ್ಯಕಾಂತಮ್ಮ ಬಗ್ಗಿ, “ಪೆದ್ದ ಪಂಡುಗ ಕದಮ್ಮಾ!” ದೊಡ್ಡ ಹಬ್ಬವಲ್ಲವೇನಮ್ಮಾ ಎಂದು ಸಂಭ್ರಮದಿಂದ ಕೂಗಿ ಒಳಗೆ ಹೋದರು. ನೆಲದಲ್ಲಿ ಗೂಡು ಹೋಳಾಗಿ ಬಿದ್ದಿತ್ತು.

ಅವಳು ಕುಕ್ಕರಗಾಲಲ್ಲಿ ಕೂತು ಒಂದು ಹೋಳನ್ನು ಎತ್ತಿಕೊಂಡಳು. ಒಳಗೆ ಮರಿ ಸತ್ತಿದ್ದರೆ? ಅದನ್ನು ನೋಡುವುದಕ್ಕಿಂತ ಕಣ್ಣು ಹೋಗುವುದೇ ಮೇಲು ಅನ್ನಿಸಿತು. ಆದರೂ ನೋಡಿದಳು. ಗೂಡೆಲ್ಲ ತನ್ನ ಬಾಂಡ್ಲಿಯ ಬೂದು ಮಣ್ಣು. ಮೇಲ್ಮೈಯಲ್ಲಿ ಮಾತ್ರ ಅಲ್ಲಲ್ಲಿ ದುಂಡಗೆ ಕೆಮ್ಮಣ್ಣಿನ ತೇಪೆ, ಹಿತ್ತಿಲ ತುಳಸಿಕಟ್ಟೆಯದೇ ಮಣ್ಣು. ತೇಪೆಯ ಮೇಲೆ ಹೆಬ್ಬೆರಳಿನ ಗೆರೆ ಸ್ಪಷ್ಟವಾಗಿತ್ತು. ಉಗುರಿನಿಂದ ತೇಪೆ ಕಿತ್ತಳು. ಒಳಗೆ ಒಣಗಿದ ಕಂದು ಸಿಪ್ಪೆಯೊಂದಿತ್ತು, ಬೇರೇನಿಲ್ಲ.

ಖಾಲಿ! ಎಂದಿನಿಂದ ಖಾಲಿಯೋ ಏನೋ. ತಾನು ದಿನವೂ ಕೈಮುಗಿದದ್ದು ಖಾಲಿ ಗೂಡಿಗೆ. ಹಾಗಾದರೆ ತನ್ನ ಹೊಟ್ಟೆ?

ರಾಜಮ್ಮ ಅಡುಗೆಮನೆಯಿಂದ ಬಂದರು. ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿದ್ದ ಕೈ ಎಣ್ಣೆಯಿಂದ ಹೊಳೆಯುತ್ತಿತ್ತು. ಸೊಸೆಯ ಕೈಯಲ್ಲಿದ್ದುದನ್ನು ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟರು.

“ಅತ್ತೆ, ಇದಕ್ಕೆ ತುಳಸಿಕಟ್ಟೆ ಮಣ್ಣು ಮೆತ್ತಿದ್ದು ಯಾರು?”

“ನಾನೇ ಕಣೇ.” ರಾಜಮ್ಮ ಬಾಗಿಲು ಹಿಡಿದುಕೊಂಡರು. “ಕಾರ್ತಿಕದಲ್ಲೇ ಹಾರಿಹೋದ್ವು. ಒಂದೊಂದಾಗಿ ಗೋಡೆ ಕೊರ್ಕೊಂಡು ಈಚೆ ಬಂದ್ವು. ಕೊನೇದು ನನ್ನ ಕಣ್ಣೆದುರಿಗೇ ನಿನ್ನ ಸಬ್ಬಸಿಗೆ ಹೂವಿನ ಮೇಲೆ ಕೂತು ರೆಕ್ಕೆ ಒಣಗಿಸ್ಕೊಂಡು ಹೋಯ್ತು. ಚೆನ್ನಾಗಿತ್ತು ಕಣೇ, ಗಟ್ಟಿಮುಟ್ಟಾಗಿತ್ತು. ಆದ್ರೆ ಆ ತೂತುಗಳನ್ನ ನೋಡಿದ್ರೆ ನೀನು ಹೆದರ್ಕೋತೀಯ ಅಂತ…”

“ಆ ಮಂಡಿ ನೋವು ಇಟ್ಕೊಂಡು ಸ್ಟೂಲ್ ಹತ್ತಿದ್ರಾ?”

“ಹತ್ತಿದೆ. ನಿನಗೋಸ್ಕರ ಅಂತ ಸುಳ್ಳು ಯಾಕೆ ಹೇಳ್ಲಿ? ಹೆದರಿದ್ದು ನಾನೇ. ಮೂರನೇ ಸಲಾನೂ ನಿನ್ನನ್ನ ಬರಿಗೈಲಿ ನೋಡೋ ಶಕ್ತಿ ನನಗಿಲ್ಲ.”

ಗಿರಿಜಾ ಅತ್ತೆಯ ಮುಖ ನೋಡಿದಳು. ಹುಳ ಬರಲೆಂದು ತಾನು ಮಣ್ಣು ನೆನೆಸಿದ್ದಳು, ಹುಳ ಹೋದದ್ದು ಕಾಣದಿರಲೆಂದು ಇವರು ಮಣ್ಣು ಮೆತ್ತಿದ್ದರು. ಒಂದೇ ಮನೆಯಲ್ಲಿ ಇಬ್ಬರು ಕಳ್ಳರು. ನಗು ಬರಬೇಕಿತ್ತು, ಬದಲಿಗೆ ಮುಚ್ಚಿಟ್ಟ ಮಾತು ಬಾಯಿಗೆ ಬಂತು.

“ಅತ್ತೆ, ನಿನ್ನೆಯಿಂದ ಮಗು ಅಲ್ಲಾಡ್ತಿಲ್ಲ.”

“ನಿನ್ನೆಯಿಂದಾನಾ?” ರಾಜಮ್ಮ ಸೊಸೆಯ ಪಕ್ಕಕ್ಕೆ ಬಂದರು. “ಬಾಯಲ್ಲಿ ಏನಿಟ್ಕೊಂಡಿದ್ದೆ ಇಷ್ಟು ಹೊತ್ತು?”

“ಹೇಳಿದ್ರೆ ನಿಜ ಆಗ್ಬಿಡುತ್ತೆ ಅಂತ ಭಯ.”

ತಿಂಗಳುಗಟ್ಟಲೆಯಿಂದ ಈ ಊರಿನಲ್ಲಿದ್ದರೂ ಒಂದು ತೆಲುಗು ಮಾತಾಡದವರು ಹಿತ್ತಿಲಿಗಿಳಿದು ಮೇಲಿನ ಮನೆಗೆ ಕೇಳುವಂತೆ ಕೂಗಿದರು. “ಸೂರ್ಯಕಾಂತಮ್ಮಗಾರೂ! ಆಟೋ! ಆಸ್ಪತ್ರಿ! ತ್ವರಗಾ!” ಏಣಿಯ ಮೇಲಿದ್ದ ಬಣ್ಣದವನೇ ಇಳಿದು ರಸ್ತೆಗೆ ಓಡಿದ.

ಇಬ್ಬರೂ ಆಟೋ ಹತ್ತಿದರು. ರಮಾಕಾಂತ ಬ್ಯಾಂಕಿನ ಕೆಲಸದ ಮೇಲೆ ವಿಜಯವಾಡಕ್ಕೆ ಹೋಗಿದ್ದ. ಹಾಳಾದ ಆ ಊರಲ್ಲೇ ಮೂರನೇ ಸಲವೂ ಅವನು ಇಂಥ ಸುದ್ದಿ ಕೇಳಬೇಕೇ ಎನ್ನಿಸಿತು ಗಿರಿಜಾಗೆ. ಅಂಗಡಿಗಳ ಮುಂದೆ ಕಬ್ಬಿನ ಜಲ್ಲೆಗಳನ್ನು ನಿಲ್ಲಿಸಿದ್ದರು. ಜನ ನಗುತ್ತಾ ಹಬ್ಬದ ಸಾಮಾನು ಕೊಳ್ಳುತ್ತಿದ್ದರು. ಅವರ ಮೇಲೆಲ್ಲ ಅವಳಿಗೆ ಕೆಟ್ಟ ಸಿಟ್ಟು ಬಂತು. ರಾಜಮ್ಮ ಕೊಬ್ಬರಿ ವಾಸನೆಯ ಅಂಗೈಯನ್ನು ಸೊಸೆಯ ಹೊಟ್ಟೆಗೆ ಒತ್ತಿ ಹಿಡಿದಿದ್ದರು. ಒಂದು ವೃತ್ತ ದಾಟಿತು, ಇನ್ನೊಂದು ದಾಟಿತು. ಏನೂ ಇಲ್ಲ.

ಆಸ್ಪತ್ರೆಯ ತಿರುವಿನಲ್ಲಿ ಆಟೋ ಉಬ್ಬು ಹಾರಿತು. ರಾಜಮ್ಮ, ಕಣಜ ಕಚ್ಚಿದವರ ಹಾಗೆ, ಚಕ್ಕನೆ ಕೈ ಕಿತ್ತುಕೊಂಡರು.

“ಮಗುನೇ ಒದ್ದಿದ್ದೇನೇ?”

“ಅದೇ ಅತ್ತೆ.” ಗಿರಿಜಾಗೆ ಉಸಿರು ಬಂತು.

“ಆದ್ರೂ ಡಾಕ್ಟರಿಗೆ ತೋರಿಸಿಯೇ ಹೋಗೋಣ. ನನಗೆ ಇನ್ನೂ ಭಯ.”

“ನನಗೂ” ಎಂದಳು ಗಿರಿಜಾ. ಮುಷ್ಟಿಯಲ್ಲಿದ್ದ ಗೂಡಿನ ಹೋಳು ಪುಡಿಯಾಗಿ ಸೀರೆಯ ಮೇಲೆ ಉದುರಿತ್ತು. ಅದನ್ನು ಕೊಡವಿ, ಅತ್ತೆಯ ಕೈ ಹಿಡಿದು ಮತ್ತೆ ಅಲ್ಲೇ ಇಟ್ಟುಕೊಂಡಳು.