ಸಿಪ್ಪೆ ತೆಗೆದ ಗೋಧಿ

ಡಿಸೆಂಬರ್ ಮೊದಲಲ್ಲಿ ಬರುವ ಸಂತ ಬರ್ಬಾರಾಳ ಹಬ್ಬಕ್ಕೆ ವದೀಯಾ ಮುದುಕಿಯ ಮನೆಯಲ್ಲಿ ಗೋಧಿ ಬೇಯದ ವರ್ಷವೇ ಇಲ್ಲ. ಈ ಸಲವೂ ಬೇಯಿಸಿ ಸಕ್ಕರೆ, ಸೋಂಪು ಹಾಕಿದಳು. ಮೇಲೆ ದಾಳಿಂಬೆ ಕಾಳು ಉದುರಿಸಲು ಮಾತ್ರ ಕೈ ಬರಲಿಲ್ಲ. ಬೇಸಿಗೆಯಲ್ಲಿ ಮಗಳು ಹಿಯಾಮ್ ತೀರಿಕೊಂಡಿದ್ದಳು. ಒಲೆ ಹಚ್ಚಿದ್ದೇ ಮೊಮ್ಮಗಳು ರಫ್ಕಾಗಾಗಿ. ಐದು ವರ್ಷದ ಆ ಹುಡುಗಿ ತಾಯಿಯನ್ನು ಮಣ್ಣು ಮಾಡಿದಂದಿನಿಂದ ಒಂದು ಮಾತೂ ಆಡಿರಲಿಲ್ಲ. ಅಪ್ಪ ಲಾರಿ ಓಡಿಸುತ್ತ ಬೈರೂತ್ ದಾರಿಯಲ್ಲೇ ಇರುತ್ತಿದ್ದ. ಮಗು ಅಜ್ಜಿಯ ಪಾಲಿಗೆ ಬಂದಿತ್ತು.

ಹಬ್ಬದ ದಿನ ಶಾಲೆಯಲ್ಲಿ ನುಹಾದ್ ಟೀಚರ್ ಮಕ್ಕಳಿಗೆಲ್ಲ ಒಂದೊಂದು ತಟ್ಟೆ, ಒಂದಿಷ್ಟು ಹತ್ತಿ ಕೊಟ್ಟು ಕಳಿಸಿದಳು. ಮನೆಯ ಗೋಧಿಯನ್ನು ಒದ್ದೆ ಹತ್ತಿಯ ಮೇಲೆ ಹರಡಬೇಕು, ದಿನಾ ನೀರು ಚಿಮುಕಿಸಬೇಕು, ಮೊಳಕೆ ಎದ್ದ ಮೇಲೆ ಬೆರಳಲ್ಲಿ ಅಳೆದು ಚಿತ್ರ ಬರೆಯಬೇಕು. ಕ್ರಿಸ್‌ಮಸ್‌ಗೆ ಚರ್ಚಿನಲ್ಲಿ ಬಾಲಯೇಸುವಿನ ಗೋದಲಿಯ ಮುಂದೆ ಆ ಹಸಿರೇ ಹೊಲವಾಗುತ್ತದೆ. ಆ ಊರಿನ ಮಕ್ಕಳು ಅಕ್ಷರ ಕಲಿಯುವುದು ಆಮೇಲೆ, ಕಾಯುವುದನ್ನು ಕಲಿಯುವುದು ಮೊದಲು.

ವದೀಯಾ ಒಲೆಯ ಪಕ್ಕದ ಡಬ್ಬಕ್ಕೆ ಕೈ ಹಾಕಿ ಒಂದು ಹಿಡಿ ಗೋಧಿ ಕೊಟ್ಟಳು. ರಫ್ಕಾ ತಟ್ಟೆಯನ್ನು ಕಿಟಕಿಯಲ್ಲಿಟ್ಟು ಅದರ ಮುಂದೆಯೇ ಕುಳಿತಳು. ಮರುದಿನ ಬೆಳಿಗ್ಗೆ ಮುದುಕಿ ನೋಡುತ್ತಾಳೆ, ತಟ್ಟೆಗೆ ಒರಗಿಸಿ ಹಿಯಾಮಳ ಫೋಟೋ ಇಟ್ಟಿದೆ.

ಆಗ ಅವಳಿಗೆ ಹೊಳೆಯಿತು. ಸಮಾಧಿಯ ಬಳಿ ಪಾದ್ರಿ ಅಬೂನಾ ಬುತ್ರೋಸ್, "ಗೋಧಿ ಕಾಳಿನ ಹಾಗೆ ಹಿಯಾಮಳನ್ನ ಮಣ್ಣಿಗೆ ಕೊಡ್ತಾ ಇದ್ದೀವಿ, ಎದ್ದು ಬರ್ತಾಳೆ" ಎಂದಿದ್ದರು. ದೊಡ್ಡವರು ತಲೆದೂಗಿ ಮನೆಗೆ ಹೋದರು. ಮಗು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಮಲಗಿಸುವಾಗ ಅದನ್ನೇ ಮತ್ತೆ ಮತ್ತೆ ಹೇಳಿ ಸಮಾಧಾನ ಮಾಡಿದವಳು ಈ ಮುದುಕಿಯೇ. ಹೇಳುವಾಗ ಹಿತವಾಗಿತ್ತು, ಅಷ್ಟೇ.

ದಿನಗಳು ಕಳೆದವು. ಊರಿನ ಕಿಟಕಿಗಳಲ್ಲೆಲ್ಲ ಹಸಿರು ಎದ್ದಿತು. ರಫ್ಕಾಳ ತಟ್ಟೆಯಲ್ಲಿ ಗೋಧಿ ಉಬ್ಬಿ ಬಿಳಿಚಿ ಹುಳಿ ವಾಸನೆ ಹೊಡೆಯತೊಡಗಿತು. ಆದರೂ ಮಗು ನೀರು ಚಿಮುಕಿಸುವುದು ಬಿಡಲಿಲ್ಲ.

ಮಗು ಶಾಲೆಗೆ ಹೋಗಿದ್ದಾಗ ಪಕ್ಕದ ಮನೆಯ ಉಮ್ ನಾಸಿಫ್ ಬಂದಳು. ಬಾಯಿಗೆ ಬೀಗವಿಲ್ಲದ ಹೆಂಗಸು.

"ಏನೇ ವದೀಯಾ, ನಿಮ್ಮನೆ ಗೋಧಿ ಇನ್ನೂ ನಿದ್ದೆ ಮಾಡ್ತಿದೆ? ನನ್ನ ಮೊಮ್ಮಗಂದು ಅವನ ತಲೆಗೂದಲಿಗಿಂತ ಉದ್ದ ಆಗಿದೆ!" ಎನ್ನುತ್ತಾ ಒಂದು ಕಾಳು ಹಿಚುಕಿ ನೋಡಿದಳು. "ಅಯ್ಯೋ ಪುಣ್ಯಾತ್ಗಿತ್ತಿ! ಇದು ಬೇಯಿಸೋ ಗೋಧಿ ಅಲ್ವೇನೇ? ಸಿಪ್ಪೆ ಉಜ್ಜಿ ತೆಗೆದಿದ್ದು. ಇದರಲ್ಲಿ ಮೊಳಕೆ ಎಲ್ಲಿಂದ ಬರ್ಬೇಕು?"

ವದೀಯಾ ಒಲೆಯ ಪಕ್ಕದ ಡಬ್ಬ ತೆರೆದು ನೋಡಿದಳು, ಕಣ್ಣು ತುಂಬಿ ಬಂತು. ಜೀವಮಾನವಿಡೀ ಬೇಯಿಸುವ ಗೋಧಿಗೊಂದು, ಬಿತ್ತುವ ಗೋಧಿಗೊಂದು ಡಬ್ಬ ಇಟ್ಟುಕೊಂಡು ಬಂದವಳು. ಹಬ್ಬದ ದಿನ ದುಃಖದಲ್ಲಿ ಕೈ ತಪ್ಪಿತ್ತು.

"ಅದಕ್ಯಾಕೆ ಅಳ್ತೀಯ? ನಮ್ಮನೇಲಿ ಇನ್ನೊಂದು ತಟ್ಟೆ ಇದೆ, ತಂದು ಇಟ್ಬಿಡ್ತೀನಿ. ಮಗು ಬಂದು ನೋಡಿ ಪವಾಡ ಅಂದ್ಕೊಳ್ಳತ್ತೆ."

ತಂದೂ ಇಟ್ಟಳು. ಹಸಿರು ಮೊಳಕೆ ಫೋಟೋದಲ್ಲಿದ್ದ ಹಿಯಾಮಳ ಗಲ್ಲದವರೆಗೆ ಬಂತು. ಮುದುಕಿಗೆ ಒಂದು ಗಳಿಗೆ ಮನಸ್ಸು ತಣ್ಣಗಾಯಿತು. ಆಮೇಲೆ ಹೆದರಿಕೆಯಾಯಿತು. ಇವತ್ತು ಗೋಧಿ ಎದ್ದರೆ ನಾಳೆ ಈ ಹುಡುಗಿ ಸ್ಮಶಾನದ ಬಾಗಿಲಲ್ಲಿ ಕಾಯುತ್ತಾ ಕೂರುತ್ತಾಳೆ. ಅಲ್ಲಿಗೆ ಯಾವ ತಟ್ಟೆ ತಂದು ಬದಲಾಯಿಸುವುದು?

"ತಗೊಂಡು ಹೋಗು ಉಮ್ ನಾಸಿಫ್. ನಿನ್ನ ಉಪಕಾರ ಮರೆಯಲ್ಲ. ತಗೊಂಡು ಹೋಗು."

ರಫ್ಕಾ ಶಾಲೆಯಿಂದ ಬಂದು ನೆಟ್ಟಗೆ ಕಿಟಕಿಗೆ ಹೋದಳು. ಮುದುಕಿ ಅವಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು.

"ಈ ಗೋಧಿ ಏಳಲ್ಲ ಕಂದಾ. ನೀನು ಸರಿಯಾಗೇ ನೀರು ಹಾಕ್ದೆ. ಈ ನಿನ್ನ ತೇತಾನೇ, ನಿನ್ನ ಅಜ್ಜಿನೇ, ಅಡುಗೆ ಗೋಧಿ ಕೊಟ್ಟುಬಿಟ್ಳು. ತಪ್ಪು ನಂದು."

ಮಗು ತಟ್ಟೆ ನೋಡಿತು, ಫೋಟೋ ನೋಡಿತು.

"ಅಮ್ಮ?"

ಎಷ್ಟೋ ತಿಂಗಳ ಮೇಲೆ ಹೊರಟ ದನಿ, ಒಡೆದಿತ್ತು. ಆ ದನಿಗಾಗಿ ವದೀಯಾ ಮಾತೆ ಮರಿಯಮ್ಮನ ಮುಂದೆ ಎಷ್ಟು ಮೊಂಬತ್ತಿ ಹಚ್ಚಿದ್ದಳೋ. ಅವಳು ಮಗುವಿನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಅಮ್ಮಾನೂ ಈ ಮನೆಗೆ ಬರಲ್ಲ ರಫ್ಕಾ. ಅಬೂನಾ ಹೇಳಿದ್ದು ದೇವರ ಹತ್ರ ಏಳೋ ಮಾತು. ಅದು ಯಾವಾಗ ಅಂತ ನಂಗೂ ಗೊತ್ತಿಲ್ಲ. ಗೊತ್ತಿದ್ರೆ ನಿನಗೆ ಹೇಳ್ತಿರಲಿಲ್ವಾ?"

ರಫ್ಕಾ ಅತ್ತಳು. ಸಮಾಧಿಯ ಬಳಿ ಅಳದಿದ್ದವಳು ಅಜ್ಜಿಯ ಸೋಂಪಿನ ವಾಸನೆಯ ಏಪ್ರನ್ ಕಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಮುದುಕಿ ಸುಮ್ಮನಿರು ಎನ್ನಲಿಲ್ಲ. ಅವಳಿಗೂ ಅಳುವುದು ಬಾಕಿಯಿತ್ತು.

ಸಂಜೆ ಇಬ್ಬರೂ ಹೊಸ ಹತ್ತಿ ಒದ್ದೆ ಮಾಡಿದರು. ಗೋಧಿಗೆ ಹೊತ್ತು ಮೀರಿತ್ತು, ಬೇಗ ಏಳುವ ಮಸೂರ್ ಕಾಳು ತಂದರು. ರಫ್ಕಾ ಒಂದೊಂದು ಕಾಳನ್ನೂ ಬೆಳಕಿಗೆ ಹಿಡಿದಳು.

"ತೇತಾ, ಇದಕ್ಕೆ ಸಿಪ್ಪೆ ಇದೆಯಾ?"

"ಇದೆ."

"ಇದಕ್ಕೆ?"

"ಅದಕ್ಕೂ ಇದೆ ಕಣೆ."

ಕ್ರಿಸ್‌ಮಸ್ ಹಿಂದಿನ ಮಧ್ಯಾಹ್ನ ಚರ್ಚಿನಲ್ಲಿ ಕಂದು ಕಾಗದ ಮುದುರಿ ಗವಿ ಕಟ್ಟಿದ್ದರು. ಮಕ್ಕಳು ಸಾಲಾಗಿ ಹಸಿರು ತಟ್ಟೆಗಳನ್ನು ತಂದಿಟ್ಟರು. ರಫ್ಕಾ ಎರಡು ತಟ್ಟೆ ತಂದಳು. ಒಂದರಲ್ಲಿ ಗಿಡ್ಡ ಮಸೂರ್. ಇನ್ನೊಂದರಲ್ಲಿ ಅವಳೇ ತೊಳೆದು ಬಿಸಿಲಿಗೆ ಒಣಗಿಸಿದ್ದ ಆ ಬಿಳಿ ಗೋಧಿ.

ಉಮ್ ನಾಸಿಫಳ ಮೊಮ್ಮಗ ಇಣುಕಿದ. "ಛೀ, ಇದು ಸತ್ತೋಗಿದೆ! ಎಸೆದ್ಬಿಡು."

"ಎಸೆಯಲ್ಲ," ಎಂದಳು ರಫ್ಕಾ. ನುಹಾದ್ ಟೀಚರ್ ಆ ದನಿ ಕೇಳಿ ಕೈಯಲ್ಲಿದ್ದ ನಕ್ಷತ್ರವನ್ನು ಹಾಗೇ ಹಿಡಿದು ನಿಂತಳು. "ಇದು ಅಮ್ಮಂದು. ಏಳದಿದ್ರೂ ಇಲ್ಲೇ ಇರಬೇಕು."

ಮರಿಯಮ್ಮನ ಗೊಂಬೆಯ ಪಕ್ಕದಲ್ಲಿ ಜಾಗವಿರಲಿಲ್ಲ. ಉಮ್ ನಾಸಿಫ್ ಬಗ್ಗಿ ತನ್ನ ಮೊಮ್ಮಗನ ಉದ್ದ ಗೋಧಿಯ ತಟ್ಟೆಯನ್ನು ಅತ್ತ ಸರಿಸಿ ಜಾಗ ಮಾಡಿದಳು.