ಬೀಗ ಹಾಕಿದ ಪತ್ರಿಕೆಗಳು

ಕಣಗಲಾ ಊರಿನ ಗುಡ್ಡಪ್ಪ ಜೀವನವಿಡೀ ದಲಿತ ಚಳವಳಿಯ ಹಳೆಯ ಪತ್ರಿಕೆಗಳನ್ನು ಕೂಡಿಟ್ಟಿದ್ದರು. ಬುದ್ಧವಿಹಾರದ ಕಟ್ಟೆಯ ಮೇಲೆ ಕೂತು ಊರಿನವರಿಗೆ ಅವನ್ನು ಓದಿ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ, ಹುಕ್ಕೇರಿಯಲ್ಲಿ ವಕೀಲೆಯಾಗಿರುವ ಮೊಮ್ಮಗಳು ಮಯೂರಿ ಅವೆಲ್ಲವನ್ನೂ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಟ್ಟಳು. ಯಾರು ಕೇಳಿದರೂ ಓದಲು ಕೊಡಬೇಕು ಎಂಬುದೊಂದೇ ಅವಳ ಷರತ್ತು.

ಸಂಗ್ರಹದ ಉದ್ಘಾಟನೆಗೆ ಅವಳು ಊರಿನವರನ್ನೂ ಕರೆದುಕೊಂಡು ಹೋದಳು. ಪತ್ರಿಕೆಗಳು ಗಾಜಿನ ಕಪಾಟಿನಲ್ಲಿದ್ದವು, ಬಾಗಿಲಿಗೆ ಬೀಗವಿತ್ತು. ಧುಪದಾಳದ ಪೂನಮ್ ಎಂಬ ಎಂ.ಎ. ವಿದ್ಯಾರ್ಥಿನಿ ಒಂದು ಸಂಚಿಕೆಯನ್ನು ಓದಲು ಕೇಳಿದಳು.

“ನೋಡಾಕ ಅಷ್ಟ ಇಟ್ಟೇವಿ. ಕೈ ಹಚ್ಚಿದ್ರ ಹರೀತಾವ,” ಎಂದು ಗ್ರಂಥಪಾಲಕರು ಅವಳನ್ನು ಸಾಗಹಾಕಿದರು.

ಅದನ್ನು ಕೇಳಿದ ಮಯೂರಿಗೆ ಮೈಯೆಲ್ಲ ಉರಿಯಿತು. ಸನ್ಮಾನಕ್ಕೆಂದು ವೇದಿಕೆಗೆ ಕರೆದಾಗ, ಶಾಲು ಹೊದಿಸಲು ಬಿಡದೆ ಮೈಕು ಹಿಡಿದಳು.

“ನಮ್ಮಜ್ಜ ಸಣ್ಣಾಂವಿದ್ದಾಗ ಅವನ್ನ ಸಾಲಿ ಬಾಗಲದಾಚೆ ಕುಂದರಿಸಿದ್ರು. ಈಗ ಈ ಹುಡುಗಿನೂ ಹೊರಗ ನಿಂತ ನೋಡಬೇಕೇನ್ರಿ? ಕಪಾಟ ತಗೀರಿ. ಇಲ್ಲಾಂದ್ರ ಎಲ್ಲಾ ವಾಪಸ್ ಒಯ್ತೇವಿ.”

“ಕಾರ್ಯಕ್ರಮ ಮುಗೀಲಿ, ಮಾತಾಡೂಣ್ರಿ,” ಎಂದರು ಗ್ರಂಥಪಾಲಕರು.

ಕಣಗಲಾದವರು ಎದ್ದು ಹೋಗಿ ಕಪಾಟಿನ ಸುತ್ತ ನಿಂತರು. ಅತಿಥಿಗಳು ಮುಖ ಮುಖ ನೋಡಿಕೊಂಡರು. ಕೊನೆಗೆ ಗ್ರಂಥಪಾಲಕರು ಸಿಡುಕುತ್ತಲೇ ಬೀಗ ತೆಗೆದರು. ಪೂನಮ್ ಮೇಜಿನ ಮುಂದೆ ಕೂತು, ಮೊದಲ ಪುಟವನ್ನು ಹುಷಾರಾಗಿ ತಿರುವಿದಳು.

ಸಂಘಟಕರು ಮತ್ತೆ ಶಾಲು ಹಿಡಿದು ಬಂದರು. ಮಯೂರಿಯ ಸಿಟ್ಟು ಇಳಿದಿರಲಿಲ್ಲ.

“ಶಾಲು ನೀವ ಇಟಗೋರಿ,” ಎಂದಳು. “ನಾಳೆನೂ ಬರ್ತೇನಿ. ಕಪಾಟಿಗೆ ಮತ್ತ ಕೀಲಿ ಹಾಕಿದ್ದ ಕಂಡ್ರ, ಎಲ್ಲಾ ಒಯ್ಯಾಕ ಟೆಂಪೋ ತಗೊಂಡ ಬರ್ತೇನಿ.”